ಮುಂಬೈ ಮ್ಯಾರಥಾನ್‌ನ 'ಡ್ರೀಮ್ ರನ್': ಓಟಗಾರರಲ್ಲದವರ ಈ ಓಟ ಹೇಗಿರುತ್ತದೆ? ಹೋಗುವ ಮುನ್ನ ಏನು ತಿಳಿದಿರಬೇಕು?

ಜನವರಿಯ ಮೂರನೇ ಭಾನುವಾರ. ಇನ್ನೂ ಬೆಳಕು ಹರಿದಿರುವುದಿಲ್ಲ. ಕಲ್ಯಾಣ್, ಪನ್ವೇಲ್, ವಿರಾರ್ ಕಡೆಯಿಂದ ಬರುವ ಲೋಕಲ್ ರೈಲುಗಳಲ್ಲಿ ಆಫೀಸ್ ಬ್ಯಾಗ್, ಟಿಫಿನ್ ಡಬ್ಬಿ ಕಾಣುವುದಿಲ್ಲ. ಬದಲಿಗೆ ಎದೆಗೆ ನಂಬರ್ ಚುಚ್ಚಿಕೊಂಡ ಟೀ-ಶರ್ಟ್‌ಗಳು, ಸುತ್ತಿಟ್ಟ ಬ್ಯಾನರ್‌ಗಳು, ಗಾಂಧೀಜಿ ವೇಷದ ಒಬ್ಬರು, ನೌವಾರಿ ಸೀರೆಗೆ ಸ್ಪೋರ್ಟ್ಸ್ ಶೂ ಹಾಕಿದ ನಾಲ್ವರು. ಎಲ್ಲರೂ ಇಳಿಯುವುದು ದಕ್ಷಿಣ ಮುಂಬೈನಲ್ಲಿ. ಅಂದು ಮುಂಬೈ ಮ್ಯಾರಥಾನ್.

ಟಿವಿಯಲ್ಲಿ ಕಾಣುವುದು ಇಥಿಯೋಪಿಯಾ, ಕೆನ್ಯಾದ ಓಟಗಾರರು. ಆದರೆ ಆ ದಿನ ರಸ್ತೆ ತುಂಬುವವರಲ್ಲಿ ದೊಡ್ಡ ಪಾಲು ಸುಮಾರು 6 ಕಿ.ಮೀ. ದೂರದ 'ಡ್ರೀಮ್ ರನ್'ಗೆ ಬಂದವರದ್ದು. ಇವರಲ್ಲಿ ಬಹುತೇಕರು ಓಡುವುದಿಲ್ಲ, ನಡೆಯುತ್ತಾರೆ. ಕೆಲವರು ಕುಣಿಯುತ್ತಾರೆ. ಮೊದಲ ಬಾರಿ ಹೆಸರು ನೋಂದಾಯಿಸಲು ಯೋಚಿಸುತ್ತಿರುವವರಿಗೆ ಇಲ್ಲಿದೆ ಮಾಹಿತಿ.

ಆರಂಭವಾಗಿದ್ದು 2004ರಲ್ಲಿ

ಮೊದಲ ಮುಂಬೈ ಮ್ಯಾರಥಾನ್ ನಡೆದಿದ್ದು 2004ರ ಫೆಬ್ರವರಿಯಲ್ಲಿ. ಆಯೋಜಕರು ಪ್ರೊಕ್ಯಾಮ್ ಇಂಟರ್‌ನ್ಯಾಷನಲ್ ಸಂಸ್ಥೆ. ಮೊದಲಿಗೆ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕ್‌ನ ಹೆಸರಿತ್ತು, 2018ರಿಂದ ಟಾಟಾ ಹೆಸರು ಬಂತು. ಕೊರೊನಾ ಕಾರಣಕ್ಕೆ 2021 ಮತ್ತು 2022ರಲ್ಲಿ ನಡೆಯಲಿಲ್ಲ. 2023ರಲ್ಲಿ ಮರಳಿದಾಗ ಇಥಿಯೋಪಿಯಾದ ಹೇಲೆ ಲೆಮಿ 2 ಗಂಟೆ 7 ನಿಮಿಷ 32 ಸೆಕೆಂಡ್‌ಗಳಲ್ಲಿ ಗುರಿ ಮುಟ್ಟಿ ಕೂಟ ದಾಖಲೆ ಬರೆದರು. 2025ರಲ್ಲಿ ನಡೆದ 20ನೇ ಆವೃತ್ತಿಗೆ ಎಲ್ಲಾ ವಿಭಾಗ ಸೇರಿ 60 ಸಾವಿರಕ್ಕೂ ಹೆಚ್ಚು ಮಂದಿ ಹೆಸರು ಕೊಟ್ಟಿದ್ದರು.

ಒಂದೇ ದಿನ ಹಲವು ಓಟಗಳು ನಡೆಯುತ್ತವೆ. 42.195 ಕಿ.ಮೀ. ಪೂರ್ಣ ಮ್ಯಾರಥಾನ್, 21.097 ಕಿ.ಮೀ. ಹಾಫ್ ಮ್ಯಾರಥಾನ್, 10 ಕಿ.ಮೀ. ಓಟ, 60 ದಾಟಿದವರಿಗೆ ಹಿರಿಯ ನಾಗರಿಕರ ಓಟ, ಅಂಗವಿಕಲರಿಗೆ ಪ್ರತ್ಯೇಕ ಓಟ, ಜೊತೆಗೆ ಡ್ರೀಮ್ ರನ್. ಸಾಮಾನ್ಯ ಓಟಗಾರರ ಪೂರ್ಣ ಮ್ಯಾರಥಾನ್ ಬೆಳಗ್ಗೆ 5ಕ್ಕೇ ಸಿಎಸ್‌ಎಂಟಿ ಎದುರಿನಿಂದ ಹೊರಡುತ್ತದೆ. ಹಾಫ್ ಮ್ಯಾರಥಾನ್ ಶುರುವಾಗುವುದು ಮಾಹಿಮ್‌ನಿಂದ, ಮುಂಬೈ ಕನ್ನಡಿಗರಿಗೆ ಕರ್ನಾಟಕ ಸಂಘದ ಕಾರಣಕ್ಕೆ ಪರಿಚಿತವಾದ ಅದೇ ಮಾಹಿಮ್. ಈ ಓಟಕ್ಕೆ ಬೇಡಿಕೆ ಹೆಚ್ಚಲು ಬಾಂದ್ರಾ-ವರ್ಲಿ ಸೀ ಲಿಂಕ್ ಒಂದು ಕಾರಣ. ಉಳಿದ ದಿನ ಪಾದಚಾರಿಗಳಿಗಿರಲಿ, ಬೈಕ್‌ಗೂ ಅಲ್ಲಿ ಪ್ರವೇಶವಿಲ್ಲ. ಸಮುದ್ರದ ಮೇಲೆ ಕಾಲ್ನಡಿಗೆಯಲ್ಲಿ ಸಾಗಲು ಸಿಗುವ ಅಪರೂಪದ ಅವಕಾಶ ಇದು.

ಡ್ರೀಮ್ ರನ್‌ನಲ್ಲಿ ಏನಿರುತ್ತದೆ?

ಬೆಳಗ್ಗೆ 8ರ ಆಸುಪಾಸಿನಲ್ಲಿ, ವೇಗದ ಓಟಗಾರರ ಗಡಿಬಿಡಿ ತುಸು ತಗ್ಗಿದ ಮೇಲೆ, ಡ್ರೀಮ್ ರನ್ ಗುಂಪು ಹೊರಡುತ್ತದೆ. ಫೋರ್ಟ್, ಚರ್ಚ್‌ಗೇಟ್, ಮರೀನ್ ಡ್ರೈವ್ ಸುತ್ತಮುತ್ತಲ ರಸ್ತೆಗಳೇ ಇದರ ದಾರಿ. ಸಮಯ ಅಳೆಯುವ ಚಿಪ್ ಇರುವುದಿಲ್ಲ, ಮೊದಲ ಸ್ಥಾನ ಎರಡನೇ ಸ್ಥಾನ ಎಂಬುದೂ ಇಲ್ಲ. ಆರಂಭದ ಗೆರೆ ದಾಟುವುದಕ್ಕೇ ಅರ್ಧ ಗಂಟೆ ಹಿಡಿದರೂ ಅಚ್ಚರಿಯಿಲ್ಲ. ಅಷ್ಟು ಜನ. 'ಈ ಸಲ 40 ನಿಮಿಷದಲ್ಲಿ ಮುಗಿಸುತ್ತೇನೆ' ಎಂದು ಹೋದವರಿಗೆ ನಿರಾಸೆ ಗ್ಯಾರಂಟಿ. ಓಡುವ ಆಸೆ ಇದ್ದವರಿಗೆ 10 ಕಿ.ಮೀ. ವಿಭಾಗವೇ ಸರಿ.

ಶಾಲೆಯ ಛದ್ಮವೇಷ ಸ್ಪರ್ಧೆ ನಗರದಷ್ಟು ದೊಡ್ಡದಾದರೆ ಹೇಗೋ ಹಾಗಿರುತ್ತದೆ ಈ ದೃಶ್ಯ. ಹೆಣ್ಣುಮಕ್ಕಳ ಶಿಕ್ಷಣ, ಕ್ಯಾನ್ಸರ್ ಜಾಗೃತಿ, ಬೀದಿನಾಯಿಗಳ ರಕ್ಷಣೆ, ಅಂಗಾಂಗ ದಾನ ಎಂದು ಒಂದೊಂದು ಗುಂಪಿಗೆ ಒಂದೊಂದು ಫಲಕ. ಕಂಪನಿಗಳ ತಂಡಗಳು ಒಂದೇ ಬಣ್ಣದ ಟೀ-ಶರ್ಟ್‌ನಲ್ಲಿ ಬರುತ್ತವೆ. ದಾರಿಯಲ್ಲಿ ಬ್ಯಾಂಡ್, ಢೋಲ್, ಲೇಜಿಮ್ ಇರುತ್ತವೆ. ಫೋಟೋಗೆ ನಿಲ್ಲುವವರಿಂದಲೇ ಆಗಾಗ ಟ್ರಾಫಿಕ್ ಜಾಮ್. ಉದ್ದದ ಓಟಗಳ ದಾರಿಯಲ್ಲಂತೂ ನಿವಾಸಿಗಳು ಮನೆಯ ಮುಂದೆ ಮೇಜು ಹಾಕಿ ಕಿತ್ತಳೆ ಹೋಳು, ಬಿಸ್ಕೆಟ್, ಚಿಕ್ಕಿ ಹಂಚುತ್ತಾರೆ. ನೋವಿನ ಸ್ಪ್ರೇ ಹಿಡಿದು ನಿಲ್ಲುವ ಅಜ್ಜಂದಿರೂ ಸಿಗುತ್ತಾರೆ. ಪಕ್ಕದ ಫ್ಲಾಟ್‌ನವರ ಹೆಸರೇ ಗೊತ್ತಿಲ್ಲದ ನಗರದಲ್ಲಿ ಇದು ಸಣ್ಣ ಮಾತಲ್ಲ.

ಇಷ್ಟಕ್ಕೇ ಮುಗಿದರೆ ಅದೊಂದು ಜಾತ್ರೆ ಎನ್ನಬಹುದಿತ್ತು. ಇದರ ಹಿಂದೆ ದೇಣಿಗೆಯ ದೊಡ್ಡ ವ್ಯವಸ್ಥೆಯೇ ಇದೆ. ಯುನೈಟೆಡ್ ವೇ ಮುಂಬೈ ಸಂಸ್ಥೆ ಈ ಕೆಲಸ ನೋಡಿಕೊಳ್ಳುತ್ತದೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆಗಳು ತಮ್ಮ ಪರವಾಗಿ ಓಡುವವರನ್ನು ಹುಡುಕುತ್ತವೆ. ಓಡುವವರು ಗೆಳೆಯರು, ನೆಂಟರು, ಸಹೋದ್ಯೋಗಿಗಳಿಂದ ಹಣ ಕೂಡಿಸುತ್ತಾರೆ. ಸಾಮಾನ್ಯ ನೋಂದಣಿ ಬೇಗ ಭರ್ತಿಯಾಗುವುದರಿಂದ, ಸಂಸ್ಥೆಯೊಂದಕ್ಕೆ ದೇಣಿಗೆ ಕೊಟ್ಟು 'ಚಾರಿಟಿ ಬಿಬ್' ಪಡೆಯುವವರೂ ಇದ್ದಾರೆ. ಹೀಗೆ ಹಣ ಕೊಡುವ ಮುನ್ನ ಆ ಸಂಸ್ಥೆ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕ್ ನಂಬಿ ಹಣ ಕಳಿಸಬೇಡಿ.

ಬೇರೆಯವರ ಬಿಬ್ ಹಾಕಿಕೊಂಡು ಓಡಬಹುದೇ?

ಬೇಡ. ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿಗೆ ಬಿಬ್ ಎನ್ನುತ್ತಾರೆ. 'ನನಗೆ ಬರಲಾಗುತ್ತಿಲ್ಲ, ನನ್ನ ಬಿಬ್‌ನಲ್ಲಿ ನೀನು ಓಡು' ಎಂಬ ಮಾತು ಪ್ರತಿ ವರ್ಷ ಕೇಳಿಬರುತ್ತದೆ. ಪಾಸ್ ಬದಲಿಸಿಕೊಂಡಷ್ಟು ಸರಳವಾಗಿ ಜನ ಇದನ್ನು ನೋಡುತ್ತಾರೆ. ಆದರೆ ಬಿಬ್ ನಂಬರ್‌ಗೆ ಹೆಸರು, ವಯಸ್ಸು, ರಕ್ತದ ಗುಂಪು, ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು ಎಂಬ ವಿವರ ಜೋಡಣೆಯಾಗಿರುತ್ತದೆ. ಓಡುತ್ತಿದ್ದವರು ಪ್ರಜ್ಞೆ ತಪ್ಪಿ ಬಿದ್ದರೆ ವೈದ್ಯರ ಕೈಗೆ ಮೊದಲು ಸಿಗುವುದು ಈ ನಂಬರ್. ಬಿಬ್ ಬೇರೆಯವರದ್ದಾದರೆ ಚಿಕಿತ್ಸೆ ತಪ್ಪು ವಿವರದಿಂದ ಶುರುವಾಗುತ್ತದೆ, ಫೋನ್ ತಪ್ಪು ಮನೆಗೆ ಹೋಗುತ್ತದೆ.

ಇದು ಹೆದರಿಸಲು ಹೇಳುವ ಮಾತಲ್ಲ. 2024ರ ಜನವರಿಯ ಓಟದಲ್ಲಿ ಇಬ್ಬರು ಕುಸಿದು ಬಿದ್ದು ಮೃತಪಟ್ಟರು. ಒಬ್ಬರಿಗೆ 74 ವರ್ಷ, ಇನ್ನೊಬ್ಬರು 40 ದಾಟಿದವರು. ದಾರಿಯುದ್ದಕ್ಕೂ ವೈದ್ಯಕೀಯ ಕೇಂದ್ರ, ಆಂಬುಲೆನ್ಸ್ ಇರುವ ಓಟದಲ್ಲೇ ಹೀಗಾಯಿತು.

ಆರೇ ಕಿಲೋಮೀಟರ್ ತಾನೇ?

ಉದ್ದದ ಓಟಕ್ಕೆ ಹೋಗುವವರು ತಿಂಗಳುಗಟ್ಟಲೆ ತಯಾರಾಗುತ್ತಾರೆ. ಡ್ರೀಮ್ ರನ್‌ಗೆ ಬರುವವರಲ್ಲಿ ಹೆಚ್ಚಿನವರು ಒಂದು ದಿನವೂ ತಯಾರಾಗುವುದಿಲ್ಲ. ಸಮಸ್ಯೆ ಇರುವುದೇ ಇಲ್ಲಿ. ವರ್ಷವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು, ಶನಿವಾರ ರಾತ್ರಿ ತಡವಾಗಿ ಮಲಗಿ, ಮೂರು ಗಂಟೆಗೆ ಎದ್ದು, ಖಾಲಿ ಹೊಟ್ಟೆಯಲ್ಲಿ ರೈಲು ಹತ್ತಿ, ನೂಕುನುಗ್ಗಲಿನಲ್ಲಿ ಗಂಟೆಗಟ್ಟಲೆ ನಿಂತು, ಡೊಳ್ಳಿನ ಸದ್ದಿಗೆ ಹುಮ್ಮಸ್ಸು ಬಂದು ಏಕಾಏಕಿ ಓಡತೊಡಗುತ್ತಾರೆ. ನಡೆದರೆ ಏನೂ ಆಗದ ದೇಹಕ್ಕೆ ಈ ಹಠಾತ್ ಓಟ ಹೊರೆಯಾಗುತ್ತದೆ. ಜನವರಿಯಲ್ಲಿ ಮುಂಬೈ ತಂಪು ನಿಜ, ಆದರೆ ಸಮುದ್ರದ ಆರ್ದ್ರತೆಗೆ ಬೆವರು ಆರುವುದಿಲ್ಲ. ಎಂಟೂವರೆ ನಂತರ ಬಿಸಿಲೂ ಸೇರುತ್ತದೆ.

ಐದಾರು ವಾರ ಮುಂಚೆಯೇ ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಬಿರುಸಾಗಿ ನಡೆಯುವುದು ರೂಢಿಯಾದರೆ ಡ್ರೀಮ್ ರನ್‌ಗೆ ಅಷ್ಟು ಸಾಕು. ಬಿಪಿ, ಶುಗರ್, ಹೃದಯದ ತೊಂದರೆ ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದ ಉದಾಹರಣೆ ಇರುವವರು ವೈದ್ಯರನ್ನು ಕಂಡೇ ಹೆಸರು ಕೊಡಬೇಕು. ಆ ವಾರ ಜ್ವರ ಬಂದಿದ್ದರೆ ಶುಲ್ಕ ಹೋದರೂ ಪರವಾಗಿಲ್ಲ, ಮನೆಯಲ್ಲೇ ಇರಿ. ನೋವು ಬರಬಾರದೆಂದು ಮೊದಲೇ ಪೇನ್‌ಕಿಲ್ಲರ್ ನುಂಗಿ ಓಡುವ ಅಭ್ಯಾಸ ಕಿಡ್ನಿಗೆ ಒಳ್ಳೆಯದಲ್ಲ. ನೀರನ್ನು ಬಾಯಾರಿದಾಗ ಗುಟುಕು ಗುಟುಕಾಗಿ ಕುಡಿಯಬೇಕು. ಸ್ಟಾಲ್ ಕಂಡಲ್ಲೆಲ್ಲ ಬಾಟಲಿ ಖಾಲಿ ಮಾಡುವುದೂ ಅಪಾಯವೇ, ರಕ್ತದಲ್ಲಿನ ಸೋಡಿಯಂ ಇಳಿಯುತ್ತದೆ. ಹೊಸ ಶೂ ಅಂದೇ ಹಾಕಬೇಡಿ.

ಎದೆಯಲ್ಲಿ ಬಿಗಿತ, ದವಡೆಗೋ ಎಡಗೈಗೋ ಹರಡುವ ನೋವು, ತಲೆಸುತ್ತು, ಎಂದೂ ಇಲ್ಲದ ಏದುಸಿರು. ಇವುಗಳಲ್ಲಿ ಒಂದು ಕಂಡರೂ ಅಲ್ಲೇ ನಿಲ್ಲಿ. 'ಗ್ಯಾಸ್ ಇರಬೇಕು' ಎಂದು ಮುಂದುವರಿಯಬೇಡಿ, ಹತ್ತಿರದ ಸ್ವಯಂಸೇವಕರನ್ನು ಕರೆಯಿರಿ. ಸೆಲ್ಫಿಗೆ ಮರುವರ್ಷವೂ ಅವಕಾಶ ಇರುತ್ತದೆ.

ನೋಂದಣಿ, ಬಿಬ್, ರೈಲು

ನೋಂದಣಿ ಸಾಮಾನ್ಯವಾಗಿ ಓಟಕ್ಕೆ ನಾಲ್ಕೈದು ತಿಂಗಳ ಮುಂಚೆಯೇ ಅಧಿಕೃತ ವೆಬ್‌ಸೈಟ್‌ನಲ್ಲಿ ಶುರುವಾಗುತ್ತದೆ. ಶುಲ್ಕ, ವಯೋಮಿತಿ, ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಹಳೆಯ ಸುದ್ದಿ ನಂಬದೆ ಅಲ್ಲೇ ನೋಡುವುದು ಒಳಿತು. ಬಿಬ್ ಪಡೆಯಲು ಓಟಕ್ಕೂ ಮುಂಚಿನ ದಿನಗಳಲ್ಲಿ ನಡೆಯುವ ಎಕ್ಸ್‌ಪೋಗೆ ಗುರುತಿನ ಚೀಟಿಯೊಂದಿಗೆ ಹೋಗಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ ನಡೆದಿದೆ. ಕೊನೆಯ ದಿನದ ಸಂಜೆಗೆ ಉಳಿಸಿಕೊಂಡರೆ ಉದ್ದದ ಸಾಲು ಖಚಿತ.

ಅಂದು ದಕ್ಷಿಣ ಮುಂಬೈನ ಹಲವು ರಸ್ತೆಗಳು ಬಂದ್ ಆಗಿರುತ್ತವೆ, ಟ್ಯಾಕ್ಸಿ ಹತ್ತಿರಕ್ಕೂ ಬರುವುದಿಲ್ಲ. ರೈಲೇ ಗತಿ. ಮಧ್ಯ ಮತ್ತು ಪಶ್ಚಿಮ ರೈಲ್ವೆಗಳು ಬೆಳಗಿನ ಜಾವಕ್ಕೆ ವಿಶೇಷ ಲೋಕಲ್ ಓಡಿಸುತ್ತವೆ, ಸಮಯವನ್ನು ಒಂದೆರಡು ದಿನ ಮೊದಲು ಪ್ರಕಟಿಸುತ್ತವೆ.

ಬೇರೆ ನಗರಗಳಲ್ಲಿರುವವರಿಗೂ ಇಂಥ ಓಟಗಳಿವೆ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ 10ಕೆ ಜೊತೆಗಿನ 'ಮಜಾ ರನ್', ಅಕ್ಟೋಬರ್‌ನಲ್ಲಿ ಡೆಲ್ಲಿ ಹಾಫ್ ಮ್ಯಾರಥಾನ್ ಜೊತೆಗಿನ 'ಗ್ರೇಟ್ ಡೆಲ್ಲಿ ರನ್' ಡ್ರೀಮ್ ರನ್‌ನ ಮಾದರಿಯವೇ. ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ 1983ರಲ್ಲೇ ಆರಂಭವಾಗಿದ್ದು, ಮುಂಬೈಗಿಂತ ಎರಡು ದಶಕ ಹಳೆಯದು. ಹೈದರಾಬಾದ್‌ನ ಓಟ ಆಗಸ್ಟ್‌ನಲ್ಲಿ, ಚೆನ್ನೈನದು ಜನವರಿಯಲ್ಲಿ.

ಮುಂಬೈನಲ್ಲಿ ಓಟ ಮುಗಿಸಿದವರಿಗೆ ಒಂದು ಸೂಚನೆ. ಭಾನುವಾರ ಮೆಗಾ ಬ್ಲಾಕ್ ಇರುವ ಸಾಧ್ಯತೆ ಹೆಚ್ಚು. ದೂರದ ಊರಿಗೆ ಮರಳುವವರು ಫೋರ್ಟ್‌ನ ಉಡುಪಿ ಹೋಟೆಲ್‌ನಲ್ಲಿ ಇಡ್ಲಿ-ವಡೆ ಮುಗಿಸಿ ಹನ್ನೊಂದರೊಳಗೆ ರೈಲು ಹತ್ತಿದರೆ ಪ್ರಯಾಣ ಸಲೀಸು.