ಸೂರ್ಯನ ಕಾವು ಅಳೆದ ರೂಬಿ

ಒಲೆಯಿಂದ ದೂರ ಸರಿದಂತೆಲ್ಲ ಕಾವು ಕಡಿಮೆಯಾಗುತ್ತದೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಸೂರ್ಯನ ರೀತಿಯೇ ಬೇರೆ. ಕಣ್ಣಿಗೆ ಕಾಣುವ ಅವನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಬಿಸಿ. ಅದರ ಮೇಲಿನ ತೆಳುವಾದ ಪದರ ವರ್ಣಗೋಳ. ಅದರ ತಳದಲ್ಲಿ ಕಾವು ಕೊಂಚ ಇಳಿಯುತ್ತದೆ, ಮೇಲೇರಿದಂತೆ 10,000 ಡಿಗ್ರಿ ದಾಟುತ್ತದೆ. ಇನ್ನೂ ಮೇಲಿನ ಕರೋನಾದಲ್ಲಿ 10 ಲಕ್ಷ ಡಿಗ್ರಿಗೂ ಹೆಚ್ಚು!

ಅಷ್ಟು ದೂರದ ಕಾವನ್ನು ಅಳೆಯುವುದು ಹೇಗೆ? ಬಿಸಿಯಾದ ವಸ್ತು ಬೆಳಕಿನ ಜೊತೆಗೆ ರೇಡಿಯೋ ಅಲೆಗಳನ್ನೂ ಸೂಸುತ್ತದೆ. ಅಲೆಯ ಉದ್ದ ಹೆಚ್ಚಿದಷ್ಟೂ ಅದು ಸೂರ್ಯನ ದಟ್ಟವಾದ ಒಳಪದರಗಳಿಂದ ಹೊರಬರಲಾರದು. ಹಾಗಾಗಿ ಮಿಲಿಮೀಟರ್, ಸೆಂಟಿಮೀಟರ್ ಉದ್ದದ ಅಲೆಗಳು ವರ್ಣಗೋಳದ ಸುದ್ದಿ ತಂದರೆ, ಮೀಟರ್ ಉದ್ದದವು ಕರೋನಾದ ಸುದ್ದಿ ತರುತ್ತವೆ. ಮಹಡಿ ಮನೆಯ ಅಂತಸ್ತಿಗೊಂದು ಕಿಟಕಿ ಇದ್ದ ಹಾಗೆ.

ಈ ಕಿಟಕಿಗಳನ್ನು ತೆರೆದ ಮೊದಲಿಗರಲ್ಲಿ ಆಸ್ಟ್ರೇಲಿಯಾದ ರೂಬಿ ಪೇನ್-ಸ್ಕಾಟ್ ಒಬ್ಬರು. 1912ರಲ್ಲಿ ಹುಟ್ಟಿದ ಈಕೆ ಸಿಡ್ನಿಯಲ್ಲಿ ಭೌತಶಾಸ್ತ್ರ ಓದಿದರು, ಕೆಲಕಾಲ ಶಾಲೆಯಲ್ಲಿ ಪಾಠ ಹೇಳಿದರು. 1941ರಲ್ಲಿ ಸರ್ಕಾರದ ರಡಾರ್ ಸಂಶೋಧನಾಲಯ ಸೇರಿದರು. ಮಹಾಯುದ್ಧ ಮುಗಿದ 1945ರಲ್ಲಿ ರೂಬಿ, ಜೋಸೆಫ್ ಪಾಸಿ, ಲಿಂಡ್ಸೆ ಮೆಕ್‌ಕ್ರೆಡಿ ಕೂಡಿ, ಸಿಡ್ನಿಯ ಕಡಲ ದಂಡೆಯ ರಡಾರ್ ಆಂಟೆನಾದಿಂದಲೇ ಉದಯಿಸುವ ಸೂರ್ಯನನ್ನು ಆಲಿಸಿದರು. ಅಲೆಯ ಉದ್ದ ಒಂದೂವರೆ ಮೀಟರ್. ದೊಡ್ಡ ಕಲೆಗಳಿದ್ದ ದಿನ ಸೂರ್ಯನ ಅಬ್ಬರವೇ ಅಬ್ಬರ. ಶಾಂತನಾಗಿದ್ದ ದಿನಗಳಲ್ಲೂ ಲೆಕ್ಕ ಸುಮಾರು 10 ಲಕ್ಷ ಡಿಗ್ರಿಗೆ ಬಂದು ನಿಂತಿತು. 1946ರಲ್ಲಿ ಪಾಸಿ ಇದನ್ನು ಪ್ರಕಟಿಸಿದರು. ಬೆಳಕಿನ ಅಧ್ಯಯನದಿಂದ ಮೊದಲೇ ಸಿಕ್ಕಿದ್ದ ಸುಳಿವಿಗೆ ಹೊಸ ಸಾಕ್ಷಿ ದೊರೆಯಿತು.

ಸೂರ್ಯನ ಗುಟ್ಟು ಬಿಡಿಸುತ್ತಿದ್ದ ರೂಬಿ ತಮ್ಮದೊಂದು ಗುಟ್ಟನ್ನು ಕಾಪಾಡಬೇಕಾಗಿತ್ತು. ಮದುವೆಯಾದ ಹೆಣ್ಣಿಗೆ ಅಲ್ಲಿನ ಸರ್ಕಾರಿ ಕೆಲಸದಲ್ಲಿ ಕಾಯಂ ಹುದ್ದೆ ಇರಲಿಲ್ಲ. 1944ರಲ್ಲಿ ವಿಲಿಯಂ ಹಾಲ್ ಅವರನ್ನು ಮದುವೆಯಾದ ರೂಬಿ ಕಚೇರಿಗೆ ತಿಳಿಸಲಿಲ್ಲ. 1950ರಲ್ಲಿ ವಿಷಯ ಹೊರಬಿತ್ತು. ಕಾಯಂ ಹುದ್ದೆ ಹೋಯಿತು, ಪಿಂಚಣಿಯ ಹಕ್ಕೂ ಹೋಯಿತು. ಹೆರಿಗೆ ರಜೆಯೆಂಬುದು ಇರಲಿಲ್ಲ. 1951ರಲ್ಲಿ ಬಸಿರಿಯಾದಾಗ ಸಂಶೋಧನೆಯನ್ನೇ ಬಿಟ್ಟರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಮಕ್ಕಳು ದೊಡ್ಡವರಾದ ಮೇಲೆ, 1963ರಿಂದ 1974ರವರೆಗೆ, ಮತ್ತೆ ಶಾಲೆಯಲ್ಲಿ ಪಾಠ ಹೇಳಿದರು. 1981ರಲ್ಲಿ ತೀರಿಕೊಂಡರು.

"ಮದುವೆಯಾದ ಮೇಲೆ ಕೆಲಸ ಯಾಕೆ?" ಎಂಬ ಮಾತು ನಮಗೇನು ಹೊಸದೇ? ಮನೆಯ ಹಿರಿಯರು ಹೇಳಿದರೆ ವಾದಿಸಬಹುದು, ಅತ್ತು ಕರೆದು ಒಪ್ಪಿಸಬಹುದು. ಕಾನೂನೇ ಹೇಳಿದರೆ? ಪಾಠ ಹೇಳುವುದು ಕಡಿಮೆ ಕೆಲಸವೆಂದು ನಾನಂತೂ ಹೇಳಲಾರೆ. ಆದರೆ ಆರಿಸಿಕೊಂಡು ಬರುವುದೇ ಬೇರೆ, ಬಾಗಿಲು ಮುಚ್ಚಿದ್ದರಿಂದ ಬರುವುದೇ ಬೇರೆ.

ಇಂದು ಚಿಲಿ ದೇಶದ ಆಲ್ಮಾ ದೂರದರ್ಶಕ ಮಿಲಿಮೀಟರ್ ಅಲೆಗಳಲ್ಲಿ ವರ್ಣಗೋಳದ ಕಾವು ಅಳೆಯುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1997ರಲ್ಲಿ ಆರಂಭವಾದ ರೇಡಿಯೋ ಹೀಲಿಯೋಗ್ರಾಫ್ ಕರೋನಾವನ್ನು ನೋಡುತ್ತದೆ. ಮೇಲೇರಿದಂತೆ ಕಾವು ಏರುವುದೇಕೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಸಿಕ್ಕಿಲ್ಲ. ಅದನ್ನು ಹುಡುಕುವವರಲ್ಲಿ ಈಗ ಮದುವೆಯಾದ ಹೆಂಗಸರೂ ಇದ್ದಾರೆ. ಆಸ್ಟ್ರೇಲಿಯಾದ ಆ ನಿಯಮ ರದ್ದಾದದ್ದು 1966ರಲ್ಲಿ, ರೂಬಿ ಹೊರಬಂದು ಹದಿನೈದು ವರ್ಷಗಳಾದ ಮೇಲೆ.