ಸತ್ಯ ಸಚಿವಾಲಯ ಮತ್ತು ಕಾವ್ಯ: ಆಕರಗಳ ಕುರಿತು ಒಂದು ಟಿಪ್ಪಣಿ

1. ಜಾರ್ಜ್ ಆರ್ವೆಲ್‌ನ ‘ನೈನ್‌ಟೀನ್ ಎಯ್ಟಿ-ಫೋರ್’ (ಲಂಡನ್, 8 ಜೂನ್ 1949) ಕಾದಂಬರಿಯ ಸತ್ಯ ಸಚಿವಾಲಯವನ್ನು ಹಳೆಯ ಸುದ್ದಿ ತಿದ್ದುವ ಕಚೇರಿಯಾಗಿ ನೋಡುವುದೇ ಹೆಚ್ಚು. ಅದರ ದಾಖಲೆ ವಿಭಾಗ ಕಾವ್ಯವನ್ನೂ ತಿದ್ದುತ್ತಿತ್ತು. ಈ ಟಿಪ್ಪಣಿ ಆ ಅಂಶಕ್ಕೆ ಮತ್ತು ಅದರ ಸಂಭಾವ್ಯ ಆಕರಗಳಿಗೆ ಸೀಮಿತ.

2. ಆ ಕೆಲಸ ಆಂಪಲ್‌ಫೋರ್ತ್ ಎಂಬಾತನದು. ಕಿವಿಯ ತುಂಬ ಕೂದಲು, ಸ್ವಭಾವ ಸಾಧು, ಛಂದಸ್ಸಿನಲ್ಲಿ ಪಳಗಿದ ಕೈ. ಸಿದ್ಧಾಂತಕ್ಕೆ ಒಗ್ಗದಿದ್ದರೂ ಸಂಕಲನಗಳಲ್ಲಿ ಉಳಿಸಿಕೊಳ್ಳಬೇಕಾದ ಕವಿತೆಗಳನ್ನು ಆತ ಕೆಡಿಸಿ ಬರೆಯುತ್ತಾನೆ (ಭಾಗ 1, ಅಧ್ಯಾಯ 4). ಹೀಗೆ ಕೆಟ್ಟ ಪ್ರತಿಗೆ ಅಲ್ಲಿನ ಹೆಸರು ‘ಅಂತಿಮ ಪಾಠ’. ಗ್ರಂಥಸಂಪಾದನೆ ಮಾಡುವವರಿಗೆ ಕಸಿವಿಸಿಯಾಗುವ ಮಾತು. ಆತ ಸೆರೆಯಾದದ್ದು ಕಿಪ್ಲಿಂಗ್‌ನ ಕವಿತೆಯೊಂದರ ಸಾಲಿನ ಕೊನೆಯಲ್ಲಿ ‘ಗಾಡ್’ ಎಂಬ ಪದವನ್ನು ಹಾಗೇ ಬಿಟ್ಟದ್ದಕ್ಕೆ. ‘ರಾಡ್’ಗೆ ಇಡೀ ಇಂಗ್ಲಿಷಿನಲ್ಲಿ ಇರುವುದು 12 ಪ್ರಾಸಪದಗಳು ಮಾತ್ರ, ಬೇರೊಂದು ಹೊಂದಲಿಲ್ಲ ಎಂಬುದು ಆತನ ಸಮಜಾಯಿಷಿ (ಭಾಗ 3, ಅಧ್ಯಾಯ 1). ಗಮನಿಸಬೇಕಾದದ್ದು: ಈ ಕಚೇರಿ ಇಲ್ಲಿ ಕೃತಿಯನ್ನು ನಿಷೇಧಿಸುತ್ತಿಲ್ಲ. ಕವಿಯ ಹೆಸರು ಉಳಿಯುತ್ತದೆ, ಪಾಠ ಬದಲಾಗುತ್ತದೆ. ಬದಲಾದದ್ದು ಓದುಗನಿಗೆ ತಿಳಿಯುವುದಿಲ್ಲ.

3. ಕಟ್ಟಡದ ಮಾದರಿ ಲಂಡನ್ ವಿಶ್ವವಿದ್ಯಾಲಯದ ಸೆನೆಟ್ ಹೌಸ್ ಎಂಬುದು ರೂಢಿಯ ಅಭಿಪ್ರಾಯ. ಯುದ್ಧಕಾಲದಲ್ಲಿ ಬ್ರಿಟನ್ನಿನ ಮಾಹಿತಿ ಸಚಿವಾಲಯ ಅಲ್ಲಿತ್ತು. ಆದರೆ ಅದರ ಎತ್ತರ ಸುಮಾರು 64 ಮೀಟರ್. ಕಾದಂಬರಿಯ ಕಟ್ಟಡದ್ದು 300. ಹೋಲಿಕೆಯನ್ನು ಹೊರನೋಟದ ಮಟ್ಟಿಗೆ ಒಪ್ಪಬಹುದು, ಅದಕ್ಕಿಂತ ಮುಂದೆ ಎಳೆಯಲಾಗದು.

4. ಕಾರ್ಯವಿಧಾನಕ್ಕೆ ಎರಡು ಆಕರಗಳನ್ನು ಪರಿಶೀಲಿಸಬಹುದು.

(ಅ) 1941ರಿಂದ 1943ರವರೆಗೆ ಆರ್ವೆಲ್ ಬಿಬಿಸಿಯ ಪೂರ್ವ ದೇಶಗಳ ವಿಭಾಗದಲ್ಲಿದ್ದು ಭಾರತಕ್ಕೆ ಪ್ರಸಾರವಾಗುವ ಭಾಷಣಗಳನ್ನು ಸಿದ್ಧಪಡಿಸುತ್ತಿದ್ದ. ಸಾಹಿತ್ಯದ ಭಾಷಣಗಳೂ ಅದರಲ್ಲಿ ಸೇರಿದ್ದವು. ಬರಹಗಳಿಗೆ ಪ್ರಸಾರಕ್ಕೆ ಮೊದಲೇ ಎರಡು ಮುದ್ರೆ ಬೀಳಬೇಕಿತ್ತು: ನೀತಿಗೊಂದು, ಭದ್ರತೆಗೊಂದು. ಕೇಳುಗರಿಗೆ ಈ ಮುದ್ರೆಗಳು ಕಾಣುತ್ತಿರಲಿಲ್ಲ.

(ಆ) ‘ಅನಿಮಲ್ ಫಾರ್ಮ್’ ಪ್ರಕಟಿಸಲು ಮೊದಲು ಒಲವು ತೋರಿದ್ದ ಜೊನಾಥನ್ ಕೇಪ್, 19 ಜೂನ್ 1944ರ ಪತ್ರದಲ್ಲಿ ಹಿಂದೆ ಸರಿದ. ಮಾಹಿತಿ ಸಚಿವಾಲಯದ ಹಿರಿಯ ಅಧಿಕಾರಿಯೊಬ್ಬನ ಅಭಿಪ್ರಾಯವನ್ನು ಅದರಲ್ಲಿ ಉಲ್ಲೇಖಿಸಿದ. ಆಳುವವರನ್ನು ಹಂದಿಗಳಾಗಿ ಚಿತ್ರಿಸಿದ್ದು ರಷ್ಯನ್ನರನ್ನು ನೋಯಿಸೀತು ಎಂಬ ಆಕ್ಷೇಪವೂ ಅಲ್ಲಿದೆ. ನಿಷೇಧಾಜ್ಞೆ ಇರಲಿಲ್ಲ, ಕೆಲಸ ಖಾಸಗಿ ಸಲಹೆಯಲ್ಲೇ ಮುಗಿಯಿತು. ಈ ಪ್ರಸಂಗವನ್ನು ಚರ್ಚಿಸಿ ಆರ್ವೆಲ್ ಬರೆದ ಮುನ್ನುಡಿಗೆ ಕರಡುಪ್ರತಿಯಲ್ಲಿ ಜಾಗ ಬಿಟ್ಟಿದ್ದರೂ 1945ರ ಮೊದಲ ಮುದ್ರಣದಲ್ಲಿ ಅದು ಸೇರಲಿಲ್ಲ. ಬೆಳಕು ಕಂಡದ್ದು 1972ರಲ್ಲಿ.

5. (ಅ) ಮತ್ತು (ಆ) ಎರಡರಲ್ಲೂ ಗೋಪ್ಯತೆಯಿದೆ, ಆದರೆ ಆಂಪಲ್‌ಫೋರ್ತ್ ಮಾಡುವ ಬಗೆಯ ಪಾಠವಿಕೃತಿ ಇಲ್ಲ. ಮುದ್ರಿತ ಕೃತಿಯನ್ನು ಹಿಂದಕ್ಕೆ ಹೋಗಿ ತಿದ್ದುವ ಕ್ರಮಕ್ಕೆ ಸೋವಿಯತ್ ರೂಢಿಗಳೇ ಹತ್ತಿರದ ಮಾದರಿಯಾಗಿರುವಂತೆ ತೋರುತ್ತದೆ. ಬ್ರಿಟಿಷ್ ಅನುಭವದಿಂದ ಬಂದದ್ದು ಪ್ರಾಯಶಃ ಕಚೇರಿಯ ವಾತಾವರಣವಷ್ಟೇ.

6. ಕೇಪ್‌ಗೆ ಸಲಹೆ ಕೊಟ್ಟವನು ಪೀಟರ್ ಸ್ಮೊಲೆಟ್ ಎಂದು ಈಗ ಬಹುಮಟ್ಟಿಗೆ ಒಪ್ಪಲಾಗಿದೆ. ಆತ ಸೋವಿಯತ್ ಗೂಢಚಾರನೆಂಬುದು ಆಮೇಲೆ ಗುರುತಿಸಿದ ಸಂಗತಿ. ಮೇ 1949ರಲ್ಲಿ ಆರ್ವೆಲ್ ಬ್ರಿಟಿಷ್ ವಿದೇಶಾಂಗ ಇಲಾಖೆಯ ಗುಪ್ತ ಪ್ರಚಾರ ವಿಭಾಗಕ್ಕೆ ಕೊಟ್ಟ, 2003ರಲ್ಲಿ ಬಹಿರಂಗವಾದ 38 ಹೆಸರುಗಳ ಪಟ್ಟಿಯಲ್ಲಿ ಸ್ಮೊಲೆಟ್ ಇದ್ದಾನೆ. ಕೇಪ್ ಪ್ರಸಂಗದ ಅಧಿಕಾರಿ ಇವನೇ ಎಂದು ಆರ್ವೆಲ್‌ಗೆ ತಿಳಿದಿತ್ತು ಎನ್ನಲು ಆ ನಮೂದೊಂದೇ ಸಾಲದು.