ಸರಾಗತೆಗೆ ತೆತ್ತ ಮೆಮೊರಿ: ವಿಸ್ಟಾದಿಂದ ವಿಂಡೋಸ್ 7ಕ್ಕೆ ಬಂದ ಗಣಕಗಳು ಮತ್ತು ವಿರ್ಥ್ ನಿಯಮ

ನಿಕ್ಲಾಸ್ ವಿರ್ಥ್ ಅವರ 'ಎ ಪ್ಲೀ ಫಾರ್ ಲೀನ್ ಸಾಫ್ಟ್‌ವೇರ್' ಲೇಖನ 'ಕಂಪ್ಯೂಟರ್' ಪತ್ರಿಕೆಯ 1995ರ ಫೆಬ್ರುವರಿ ಸಂಚಿಕೆಯಲ್ಲಿ ಪ್ರಕಟವಾಯಿತು. ಯಂತ್ರಾಂಶ ಎಷ್ಟು ಬೇಗ ಚುರುಕಾಗುತ್ತದೋ ಅದಕ್ಕಿಂತ ಬೇಗ ತಂತ್ರಾಂಶ ನಿಧಾನವಾಗುತ್ತದೆ ಎಂಬುದು ಅದರ ತಿರುಳು. ವಿರ್ಥ್ ಈ ಮಾತಿನ ಶ್ರೇಯವನ್ನು ಮಾರ್ಟಿನ್ ರೈಸರ್ ಅವರಿಗೆ ಕೊಟ್ಟಿದ್ದರೂ ಲೋಕದಲ್ಲಿ ಅದು 'ವಿರ್ಥ್ ನಿಯಮ'ವಾಗಿಯೇ ನಿಂತಿತು. ಹೊಸ ಆಪರೇಟಿಂಗ್ ಸಿಸ್ಟಂ ಹಾಕಿದ ಮೇಲೆ ಗಣಕ ಏಕೆ ಎಡವುತ್ತದೆ ಎಂಬ ಚರ್ಚೆ ಎದ್ದಾಗಲೆಲ್ಲ ಈ ನಿಯಮವನ್ನು ಸಿದ್ಧ ಉತ್ತರವಾಗಿ ಮುಂದಿಡಲಾಗುತ್ತದೆ. ಆದರೆ ಅದಕ್ಕೆ ಒಗ್ಗದ ಒಂದು ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2007ರ ಜನವರಿಯಲ್ಲಿ ಮನೆಬಳಕೆಗೆ ಬಂದ ವಿಂಡೋಸ್ ವಿಸ್ಟಾ ಮಂದವೆಂದು ದೂರಿಗೆ ಗುರಿಯಾಯಿತು. 2009ರ ಅಕ್ಟೋಬರ್ 22ರಂದು ವಿಂಡೋಸ್ 7 ಬಿಡುಗಡೆಯಾದಾಗ ಅದೇ ಪ್ರೊಸೆಸರ್, ಅಷ್ಟೇ ಮೆಮೊರಿ, ಅದೇ ಹಾರ್ಡ್ ಡಿಸ್ಕ್ ಇದ್ದ ಗಣಕಗಳು ಹಗುರಾದವೆಂದು ಬಳಕೆದಾರರೂ ವಿಮರ್ಶಕರೂ ಹೇಳಿದರು. ಈ ಅನುಭವಕ್ಕೆ ವಾಸ್ತವದ ಆಧಾರವಿತ್ತೆ? ಇದ್ದರೆ ವಿರ್ಥ್ ನಿಯಮವನ್ನು ಎಲ್ಲಿ ತಿದ್ದಬೇಕು? ಈ ಲೇಖನ ಕೈಗೆತ್ತಿಕೊಂಡಿರುವುದು ಈ ಎರಡು ಪ್ರಶ್ನೆಗಳನ್ನು.

ವಿರ್ಥ್ ಅವರ ವಾದದ ಬಹುಪಾಲು ನಿರ್ವಿವಾದ. 1970ರ ಸುಮಾರಿಗೆ ಎಂಟು ಸಾವಿರ ಬೈಟ್‌ಗಳಲ್ಲಿ ಒಂದು ಎಡಿಟರ್ ನಡೆಯುತ್ತಿತ್ತು, 1995ರ ಹೊತ್ತಿಗೆ ಅದರ ನೂರು ಪಟ್ಟು ಬೇಕಾಯಿತು ಎಂದು ಅವರು ತೋರಿಸಿದರು. ಮೈಕ್ರೋಸಾಫ್ಟ್ ಘೋಷಿಸಿದ ಕನಿಷ್ಠ ಮೆಮೊರಿಯೂ ಅದನ್ನೇ ಹೇಳುತ್ತದೆ: ವಿಂಡೋಸ್ 95ಕ್ಕೆ 4 ಎಂಬಿ, ಎಕ್ಸ್‌ಪಿಗೆ 64 ಎಂಬಿ, ವಿಸ್ಟಾಕ್ಕೆ 512 ಎಂಬಿ, 32 ಬಿಟ್‌ನ ವಿಂಡೋಸ್ 7ಕ್ಕೆ 1 ಜಿಬಿ, ವಿಂಡೋಸ್ 11ಕ್ಕೆ 4 ಜಿಬಿ. ಹಗುರಾಯಿತೆಂದು ಹೊಗಳಿಸಿಕೊಂಡ ವಿಂಡೋಸ್ 7 ಕಾಗದದ ಮೇಲೆ ವಿಸ್ಟಾಕ್ಕಿಂತ ಹೆಚ್ಚು ಮೆಮೊರಿ ಬೇಡಿತೆಂಬುದನ್ನು ಓದುಗರು ಗಮನಿಸಬೇಕು.

ಕಾಯುವಿಕೆಯ ಅಧ್ಯಯನಕ್ಕೆ ಬೇರೊಂದು ಪರಂಪರೆಯೇ ಇದೆ. ಕ್ರಿಯೆಗೂ ಪ್ರತಿಕ್ರಿಯೆಗೂ ನಡುವೆ ಸುಮಾರು 0.1 ಸೆಕೆಂಡ್ ಮೀರದಿದ್ದರೆ ಮಾತ್ರ ಮನುಷ್ಯನಿಗೆ ಅದು ತಕ್ಷಣದ್ದೆನಿಸುತ್ತದೆ ಎಂಬ ಮಿತಿಯನ್ನು ರಾಬರ್ಟ್ ಮಿಲ್ಲರ್ 1968ರಲ್ಲೇ ಮುಂದಿಟ್ಟಿದ್ದರು. ಅದನ್ನು ಜನಪ್ರಿಯಗೊಳಿಸಿದ್ದು ಜೇಕಬ್ ನೀಲ್ಸನ್ ಅವರ 1993ರ ಗ್ರಂಥ. ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು 1996ರಲ್ಲಿ ಯಸುಹಿರೊ ಎಂಡೊ, ಮಾರ್ಗೊ ಸೆಲ್ಟ್‌ಜರ್ ಮತ್ತು ಸಂಗಡಿಗರು ಹಾರ್ವರ್ಡ್‌ನಿಂದ ಪ್ರಕಟಿಸಿದ ಪ್ರಬಂಧ. ಅದು ವಿಂಡೋಸ್ ಎನ್‌ಟಿ 3.51, ಎನ್‌ಟಿ 4.0 ಮತ್ತು ವಿಂಡೋಸ್ 95ನ್ನು ಹೋಲಿಸಿತು. ಒಟ್ಟು ಕೆಲಸ ಮುಗಿಯಲು ಎಷ್ಟು ಹೊತ್ತು ಬೇಕಾಯಿತೆಂದು ಅಳೆದರೆ ಬಳಕೆದಾರನ ಅನುಭವ ಸಿಗದು, ಒಂದೊಂದು ಕೀಲಿಗೂ ಒಂದೊಂದು ಕ್ಲಿಕ್ಕಿಗೂ ಆದ ವಿಳಂಬವನ್ನು ಪ್ರತ್ಯೇಕವಾಗಿ ಹಿಡಿಯಬೇಕು ಎಂಬುದು ಅವರ ನಿಲುವು. ನನ್ನ ವಾದವೂ ಅಲ್ಲಿಂದಲೇ ಹೊರಡುತ್ತದೆ. ಆದರೆ ಅವರ ವಿಧಾನ, ಪ್ರೊಸೆಸರ್‌ಗೆ ಬಿಡುವಿಲ್ಲದ ಹೊತ್ತನ್ನು ಆ ಘಟನೆಯ ವಿಳಂಬವೆಂದು ಎಣಿಸುತ್ತದೆ. ಮುಂದೆ ಒಂದೇ ತಂತ್ರಾಂಶ ತೆರೆದಿರುವಾಗ ಈ ಎಣಿಕೆ ಸರಿ. ಹಲವು ತಂತ್ರಾಂಶಗಳು ಒಂದೇ ಸಂಪನ್ಮೂಲಕ್ಕಾಗಿ ಸಾಲುಗಟ್ಟಿದಾಗ ಯಾರು ಯಾರಿಗಾಗಿ ಕಾದರು ಎಂಬುದನ್ನು ಅದು ಬಿಡಿಸಿ ಹೇಳಲಾರದು. ವಿಸ್ಟಾದ ತೊಂದರೆಯ ಬೇರು ಇದ್ದದ್ದು ಆ ಸಾಲಿನಲ್ಲಿ.

ವಾದಕ್ಕೆ ಮುನ್ನ ಒಂದು ಅಡ್ಡಿಯನ್ನು ದಾಟಬೇಕು. ಅಪ್‌ಗ್ರೇಡ್ ಆದ ಮೇಲೆ ಗಣಕ ಚುರುಕಾಯಿತು ಎಂಬ ಸಾಕ್ಷ್ಯದಲ್ಲಿ ಬಹಳಷ್ಟು ಕಲಬೆರಕೆಯಿದೆ. ಎಕ್ಸ್‌ಪಿಯಿಂದ ವಿಂಡೋಸ್ 7ಕ್ಕೆ ನೇರ ಅಪ್‌ಗ್ರೇಡ್ ದಾರಿಯನ್ನು ಮೈಕ್ರೋಸಾಫ್ಟ್ ಕೊಡಲೇ ಇಲ್ಲ. ಎಕ್ಸ್‌ಪಿ ಬಳಕೆದಾರರು ಹೊಸದಾಗಿ ಇನ್‌ಸ್ಟಾಲ್ ಮಾಡಿ, ತಂತ್ರಾಂಶಗಳನ್ನು ಒಂದೊಂದಾಗಿ ಮತ್ತೆ ಹಾಕಿಕೊಳ್ಳಬೇಕಾಯಿತು. ಹೀಗೆ ಮಾಡುವಾಗ ಗಣಕ ಆನ್ ಆದೊಡನೆ ತಾವೇ ಎದ್ದು ಕೂರುತ್ತಿದ್ದ ಬೇಡದ ತಂತ್ರಾಂಶಗಳು, ಚದುರಿಹೋದ ಫೈಲುಗಳು, ವರ್ಷಗಟ್ಟಲೆ ಬೆಳೆದ ರಿಜಿಸ್ಟ್ರಿ ಎಲ್ಲವೂ ಒಮ್ಮೆಗೇ ತೊಲಗುತ್ತವೆ. ಅಂಥ ಗಣಕದಲ್ಲಿ ಎಕ್ಸ್‌ಪಿಯನ್ನೇ ಹೊಸದಾಗಿ ಹಾಕಿದ್ದರೂ ಚುರುಕು ಕಾಣುತ್ತಿತ್ತು. ಆದ್ದರಿಂದ ಎಕ್ಸ್‌ಪಿಯಿಂದ ಬಂದವರ ಅನುಭವವನ್ನು ಇಲ್ಲಿ ಸಾಕ್ಷ್ಯವಾಗಿ ಬಳಸಿಲ್ಲ. ವಿಸ್ಟಾದಿಂದಲಾದರೆ ಇದ್ದ ಫೈಲು, ಇದ್ದ ತಂತ್ರಾಂಶಗಳ ಮೇಲೆಯೇ ಅಪ್‌ಗ್ರೇಡ್ ಸಾಧ್ಯವಿತ್ತು. ವಾದ ನಿಲ್ಲುವುದಾದರೆ ಆ ಗಣಕಗಳ ಮೇಲೆ ನಿಲ್ಲಬೇಕು. ಅಲ್ಲೂ ಮೊದಲ ಕೆಲವು ದಿನಗಳನ್ನು ಲೆಕ್ಕದಿಂದ ಬಿಡುವುದು ಲೇಸು. ಹುಡುಕಾಟದ ಸೂಚಿಯನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಡಿಸ್ಕ್ ಆಗ ಸದಾ ನಿರತವಾಗಿರುತ್ತದೆ.

ವಿಸ್ಟಾ ಮತ್ತು 7ರ ನಡುವೆ ಒಳಗೆ ಬದಲಾದದ್ದೇನು? ಆವೃತ್ತಿ ಸಂಖ್ಯೆಯಲ್ಲಿ ಎರಡೂ ಒಡಹುಟ್ಟುಗಳು: ಒಂದು 6.0, ಇನ್ನೊಂದು 6.1. ವಿಂಡೋಸ್ 7ರಲ್ಲಿ ಹಲವು ಸೇವೆಗಳು ಅಗತ್ಯ ಬಿದ್ದಾಗಷ್ಟೇ ಏಳುವಂತಾದವು. ಕರ್ನೆಲ್‌ನ ಪ್ರೊಸೆಸರ್ ಸರದಿಯನ್ನು ಹಂಚುವ ಡಿಸ್ಪ್ಯಾಚರ್ ಲಾಕ್ ಒಡೆದು ಹಂಚಿಹೋದದ್ದರಿಂದ 256 ಲಾಜಿಕಲ್ ಪ್ರೊಸೆಸರ್‌ಗಳವರೆಗೆ ಬೆಳೆಯಲು ಅವಕಾಶವಾಯಿತು. ಮನೆಯ ಎರಡು ಕೋರ್‌ಗಳ ಗಣಕಕ್ಕೆ ಇದರ ಫಲ ಸಣ್ಣದು. ನಮಗೆ ಮುಖ್ಯವಾದವು ತೆರೆಯ ಮೇಲೆ ಚಿತ್ರ ಬರೆಯುವ ಭಾಗದಲ್ಲಿ ಆದ ಎರಡು ತಿದ್ದುಪಡಿಗಳು.

ಮೊದಲನೆಯದು ಜಿಡಿಐ ಲಾಕ್. ವಿಂಡೋಸ್‌ನ ಹಳೆಯ ತಂತ್ರಾಂಶಗಳೆಲ್ಲ ಅಕ್ಷರ, ಗೆರೆ, ಗುಂಡಿಗಳನ್ನು ಜಿಡಿಐ ಮೂಲಕ ಬರೆಯುತ್ತವೆ. ವಿಸ್ಟಾದಲ್ಲಿ ಇಡೀ ವ್ಯವಸ್ಥೆಗೆ ಒಂದೇ ಲಾಕ್ ಇತ್ತು. ಒಂದೇ ಹಗ್ಗವಿರುವ ಬಾವಿಯಂತೆ, ಒಬ್ಬರು ಸೇದಿ ಮುಗಿಸುವ ತನಕ ಉಳಿದವರು ಕಟ್ಟೆಯ ಬಳಿ ನಿಲ್ಲಬೇಕು. ಹಿಂದೆ ಒಂದು ವಿಂಡೋ ತನ್ನ ಚಿತ್ರವನ್ನು ಎಡೆಬಿಡದೆ ಬರೆಯುತ್ತಿದ್ದರೆ, ಮುಂದಿನ ವಿಂಡೋದಲ್ಲಿ ಬಳಕೆದಾರ ಒತ್ತಿದ ಅಕ್ಷರ ಕಾಣಲು ತಡವಾಗುತ್ತಿತ್ತು. ಎರಡನೆಯ ಕೋರ್ ಬಿಡುವಾಗಿದ್ದರೂ ಪ್ರಯೋಜನವಿರಲಿಲ್ಲ. ವಿಂಡೋಸ್ 7ರಲ್ಲಿ ಈ ಲಾಕನ್ನು ಸಣ್ಣ ಸಣ್ಣ ಲಾಕ್‌ಗಳಾಗಿ ಒಡೆಯಲಾಯಿತು. ಒಟ್ಟು ಕೆಲಸ ಇದರಿಂದ ಕಡಿಮೆಯಾಗಲಿಲ್ಲ, ಕಾಯುವ ಹೊತ್ತು ಕಡಿಮೆಯಾಯಿತು.

ಎರಡನೆಯದು ವಿಂಡೋಗಳ ಪ್ರತಿ. ವಿಸ್ಟಾದ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ತೆರೆದ ಪ್ರತಿ ವಿಂಡೋದ ಚಿತ್ರವನ್ನು ಗ್ರಾಫಿಕ್ಸ್ ಮೆಮೊರಿಯಲ್ಲೊಂದು, ಸಾಮಾನ್ಯ ಮೆಮೊರಿಯಲ್ಲೊಂದು ಎಂದು ಎರಡೆರಡು ಕಡೆ ಇಡುತ್ತಿತ್ತು. ವಿಂಡೋಸ್ 7 ಡಬ್ಲ್ಯೂಡಿಡಿಎಂ 1.1 ಎಂಬ ಹೊಸ ಮಾದರಿಯ ಗ್ರಾಫಿಕ್ಸ್ ಡ್ರೈವರ್ ಇದ್ದಲ್ಲಿ ಸಾಮಾನ್ಯ ಮೆಮೊರಿಯ ಪ್ರತಿಯನ್ನು ಕೈಬಿಟ್ಟಿತು. ಇದನ್ನು ಲೆಕ್ಕಕ್ಕೆ ಇಳಿಸಿ ನೋಡೋಣ. 1280×1024ರ ತೆರೆ ತುಂಬಿದ ವಿಂಡೋದಲ್ಲಿ ಚುಕ್ಕಿಗೆ 4 ಬೈಟ್‌ನಂತೆ 52,42,880 ಬೈಟ್, ಅಂದರೆ 5 ಎಂಬಿ. ಹತ್ತು ವಿಂಡೋ ತೆರೆದರೆ ಉಳಿತಾಯ 50 ಎಂಬಿ. 1 ಜಿಬಿ ಗಣಕದಲ್ಲಿ ಇದು ಶೇಕಡ ಐದು ಮಾತ್ರ, ಚಿಲ್ಲರೆಯೆನ್ನಿಸಬಹುದು. ಆದರೆ ಮೆಮೊರಿ ಅಂಚಿಗೆ ಬಂದು ನಿಂತಿರುವಾಗ ಆ ಶೇಕಡ ಐದರಷ್ಟು ಪುಟಗಳೇ ಹಾರ್ಡ್ ಡಿಸ್ಕಿಗೆ ಹೋಗುತ್ತವೆ. 7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಸರಾಸರಿ ಅರ್ಧ ಸುತ್ತು, ಅದರ ಜೊತೆಗೆ ತಲೆ ಚಲಿಸಲು ಸುಮಾರು 9 ಮಿಲಿಸೆಕೆಂಡ್ ಎಂದರೆ ಒಂದು ಕಡೆಯಿಂದ ಓದಲು 13 ಮಿಲಿಸೆಕೆಂಡ್ ಬೇಕು. ಹಿಂದಿನ ವಿಂಡೋಗೆ ಮರಳಲು ಕ್ಲಿಕ್ ಮಾಡಿದಾಗ ಚದುರಿದ ಎಂಟು ಕಡೆಗಳಿಂದ ಓದಬೇಕಾದರೆ ಮಿಲ್ಲರ್ ಅವರ 0.1 ಸೆಕೆಂಡ್ ಅಲ್ಲಿಗೇ ದಾಟಿತು. ನಲವತ್ತು ಕಡೆಗಳಾದರೆ ಅರ್ಧ ಸೆಕೆಂಡ್.

ಇದೇ ಘಟನೆ ಸರಾಸರಿ ಅಳತೆಯಲ್ಲಿ ಹೇಗೆ ಕಾಣುತ್ತದೆ? ಒಂದು ಗಂಟೆಯ ಕೆಲಸದಲ್ಲಿ ಇಂಥ ಹತ್ತು ತಡೆಗಳು ಅರ್ಧರ್ಧ ಸೆಕೆಂಡಿನಂತೆ ಬಂದವೆಂದಿಟ್ಟುಕೊಳ್ಳೋಣ. 3600 ಸೆಕೆಂಡಿನಲ್ಲಿ 5 ಸೆಕೆಂಡ್, ಶೇಕಡ 0.14. ಯಾವ ವೇಗಪರೀಕ್ಷೆಯೂ ಇದನ್ನು ವ್ಯತ್ಯಾಸವೆಂದು ದಾಖಲಿಸದು. ಮೌಸ್ ಹಿಡಿದವರಿಗಾದರೋ ಹತ್ತು ಸಲವೂ ಅದು ತಟ್ಟುತ್ತದೆ. ವೇಗಪರೀಕ್ಷೆಯಲ್ಲಿ ಎರಡು ವ್ಯವಸ್ಥೆಗಳೂ ಹೆಚ್ಚುಕಡಿಮೆ ಸಮ ಬಂದಾಗ, ಬಳಕೆದಾರರಿಗೆ ಕಂಡದ್ದು ಬರೀ ಭ್ರಮೆ ಎಂದು ತೀರ್ಮಾನಿಸುವುದು ಈ ಕಾರಣಕ್ಕೆ ತಪ್ಪಾಗುತ್ತದೆ. ಪರೀಕ್ಷಕರೂ ಬಳಕೆದಾರರೂ ಬೇರೆಬೇರೆ ಪರಿಮಾಣಗಳನ್ನು ನೋಡುತ್ತಿದ್ದರು.

ಇಲ್ಲಿ ವಿರ್ಥ್ ಪಕ್ಷದವರು ಬಲವಾದ ಆಕ್ಷೇಪ ಎತ್ತಬಹುದು. ವಿಸ್ಟಾ ತಾನು ಕೆಡಿಸಿದ್ದನ್ನೇ 7 ಸರಿಪಡಿಸಿತು, ವಿಂಡೋಗಳ ಪ್ರತಿ ಇಡದ ಎಕ್ಸ್‌ಪಿ ಅಷ್ಟು ಮೆಮೊರಿಯಿಲ್ಲದೆಯೇ ಚೆನ್ನಾಗಿ ನಡೆಯುತ್ತಿತ್ತಲ್ಲ ಎಂದು. ವಿಸ್ಟಾದ ಎರಡನೆಯ ಪ್ರತಿಯ ಮಟ್ಟಿಗೆ ಈ ಆಕ್ಷೇಪ ಸರಿ. ವಿರ್ಥ್ ಹಳಿದ ಕೊಬ್ಬು ಅದು. ಮೊದಲನೆಯ ಪ್ರತಿಯ ವಿಷಯ ಹಾಗಲ್ಲ. ಎಕ್ಸ್‌ಪಿಯಲ್ಲಿ ಒಂದು ತಂತ್ರಾಂಶ ಸಿಕ್ಕಿಬಿದ್ದಾಗ ಅದರ ಮೇಲೆ ಇನ್ನೊಂದು ವಿಂಡೋವನ್ನು ಎಳೆದರೆ ಎಳೆದ ದಾರಿಯುದ್ದಕ್ಕೂ ಅದರ ಗುರುತುಗಳು ಉಳಿಯುತ್ತಿದ್ದುದನ್ನು ಬಳಸಿದವರೆಲ್ಲ ಕಂಡಿದ್ದಾರೆ. ಮರೆಯಾದ ಭಾಗವನ್ನು ಮತ್ತೆ ಬರೆಯುವ ಹೊಣೆ ಆಯಾ ತಂತ್ರಾಂಶದ್ದಾಗಿತ್ತು, ಅದು ಓಗೊಡದಿದ್ದರೆ ತೆರೆ ಹಾಗೇ ಕೊಳೆಯಾಗಿ ನಿಲ್ಲುತ್ತಿತ್ತು. ವಿಂಡೋದ ಚಿತ್ರವನ್ನು ವ್ಯವಸ್ಥೆಯೇ ಇಟ್ಟುಕೊಂಡ ಮೇಲೆ ಒಂದು ತಂತ್ರಾಂಶದ ತಡೆ ಇನ್ನೊಂದರ ಚಲನೆಯನ್ನು ಮುಟ್ಟದಂತಾಯಿತು.

ಹೀಗಾಗಿ ನನ್ನ ಪ್ರತಿಪಾದನೆ ಇದು: ಆಪರೇಟಿಂಗ್ ಸಿಸ್ಟಂಗಳಲ್ಲಿ ಬೆಳೆದ ಮೆಮೊರಿಯ ಒಂದು ಭಾಗವನ್ನು ಕೊಬ್ಬೆಂದು ಎಣಿಸಲಾಗದು, ಅದು ಸರಾಗತೆಗೆ ತೆತ್ತ ಬೆಲೆ. ಈ ಮಾತಿಗೆ ಮಿತಿಗಳನ್ನು ಹಾಕಲೇಬೇಕು. 'ಒಂದು ಭಾಗ' ಎಂದಿದ್ದೇನೆಯೇ ಹೊರತು ದೊಡ್ಡ ಭಾಗವೆಂದಿಲ್ಲ. ತೆತ್ತ ಬೆಲೆ ಫಲ ಕೊಡುವುದು ಮೆಮೊರಿ ತುಂಬುವ ತನಕ. ತುಂಬಿದ ಮೇಲೆ ಅದೇ ಪ್ರತಿಗಳು ಡಿಸ್ಕಿನ ತಡೆಯಾಗಿ ಸರಾಗತೆಯನ್ನೇ ಕೆಡಿಸುತ್ತವೆ. 512 ಎಂಬಿ ಗಣಕಕ್ಕೆ ವಿಸ್ಟಾ ಹಾಕಿದವರ ದೂರು ಈ ಕಾರಣಕ್ಕೆ ನೂರಕ್ಕೆ ನೂರು ನ್ಯಾಯವಾದದ್ದು. ಹಳೆಯ ಗ್ರಾಫಿಕ್ಸ್ ಚಿಪ್‌ಗಳಿಗೆ ಡಬ್ಲ್ಯೂಡಿಡಿಎಂ 1.0 ಡ್ರೈವರೇ ಗತಿಯಾಗಿದ್ದಲ್ಲಿ ನಾನು ಲೆಕ್ಕ ಹಾಕಿದ 50 ಎಂಬಿ ಉಳಿಯುವುದೇ ಇಲ್ಲ. ಡಿಸ್ಕಿನ ಲೆಕ್ಕವಂತೂ ತಿರುಗುವ ತಟ್ಟೆಯ ಕಾಲಕ್ಕೆ ಸೇರಿದ್ದು. ಎಸ್‌ಎಸ್‌ಡಿಯಲ್ಲಿ ಒಂದು ಓದಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕಾದ್ದರಿಂದ ನಲವತ್ತು ಓದುಗಳೂ 4 ಮಿಲಿಸೆಕೆಂಡಿನಲ್ಲಿ ಮುಗಿಯುತ್ತವೆ. ಇಂದು ಎಸ್‌ಎಸ್‌ಡಿಯೊಡನೆ ಹೊಸ ಸಿಸ್ಟಂ ಹಾಕಿಸಿ ಚುರುಕಾಯಿತೆನ್ನುವವರು ಹೆಚ್ಚಿನ ಪಾಲು ಎಸ್‌ಎಸ್‌ಡಿಯನ್ನೇ ಹೊಗಳುತ್ತಿದ್ದಾರೆ. ಇನ್ನು, ಪ್ರತಿಯಿಟ್ಟು ಜೋಡಿಸಿ ತೋರಿಸುವ ಈ ಕ್ರಮಕ್ಕೆ ವಿಳಂಬದ ತೆರಿಗೆಯೂ ಇದೆ. ಸೆಕೆಂಡಿಗೆ 60 ಸಲ ಹೊಸದಾಗುವ ತೆರೆಯಲ್ಲಿ ಮುಂದಿನ ಚೌಕಟ್ಟಿಗಾಗಿ ಕಾಯುವುದೆಂದರೆ 16.7 ಮಿಲಿಸೆಕೆಂಡಿನವರೆಗೆ ತಡ. ವಿಸ್ಟಾ ಮತ್ತು 7ರಲ್ಲಿ ಈ ಕ್ರಮವನ್ನು ಬೇಡವೆನ್ನಬಹುದಿತ್ತು. 2012ರ ವಿಂಡೋಸ್ 8ರಿಂದ ಆ ಆಯ್ಕೆಯನ್ನೇ ತೆಗೆದುಹಾಕಲಾಯಿತು.

ವಿಳಂಬ ಕೊಟ್ಟು ಸರಾಗತೆ ಕೊಳ್ಳುವುದು ವಿಂಡೋಸ್‌ಗಷ್ಟೇ ಸೀಮಿತವಲ್ಲ. 2012ರಲ್ಲೇ ಬಂದ ಆಂಡ್ರಾಯ್ಡ್ 4.1ರ 'ಪ್ರಾಜೆಕ್ಟ್ ಬಟರ್' ಇದಕ್ಕೆ ಸ್ವತಂತ್ರ ಸಾಕ್ಷಿ. ಗ್ಯಾಲಕ್ಸಿ ನೆಕ್ಸಸ್‌ನಂಥ ಅದಾಗಲೇ ಜನರ ಕೈಯಲ್ಲಿದ್ದ ಫೋನುಗಳಲ್ಲಿ ಅದು ತೆರೆಯ ಲಯಕ್ಕೆ ಚಿತ್ರ ಬರೆಯುವ ಕೆಲಸವನ್ನು ಕಟ್ಟಿಹಾಕಿ, ಎರಡು ಬಫರ್‌ಗಳ ಜೊತೆ ಅಗತ್ಯವಿದ್ದಾಗ ಮೂರನೆಯದನ್ನು ಸೇರಿಸಿತು. ಮೂರನೆಯ ಬಫರ್ ಎಂದರೆ ಹೆಚ್ಚು ಮೆಮೊರಿ, ಒಂದು ಚೌಕಟ್ಟಿನಷ್ಟು ಹೆಚ್ಚು ತಡ. ಹಾಗಿದ್ದೂ ಪಟ್ಟಿಗಳು ಎಡವದೆ ಸರಿದವು. ಒಟ್ಟು ಕೆಲಸದ ವೇಗ, ಒಂದು ಕ್ಲಿಕ್ಕಿನ ವಿಳಂಬ, ಚೌಕಟ್ಟುಗಳ ಸಮತೆ ಎಂಬ ಮೂರನ್ನು ಬೇರೆಬೇರೆಯಾಗಿ ಅಳೆಯದ ಹೊರತು ಅಪ್‌ಗ್ರೇಡ್ ಆದ ಗಣಕದ ಬಗ್ಗೆ ಏನು ಹೇಳಿದರೂ ಅರೆಮಾತೇ ಆಗುತ್ತದೆ. ವಿರ್ಥ್ ನಿಯಮ ಮೊದಲನೆಯದಕ್ಕೆ ಚೆನ್ನಾಗಿ ಹೊಂದುತ್ತದೆ, ಎರಡನೆಯದಕ್ಕೆ ಕೆಲಮಟ್ಟಿಗೆ. ಮೂರನೆಯದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಸೇರಿದ ಒಂದು ಪ್ರಶ್ನೆ ಇಲ್ಲಿ ತೆರೆದೇ ಇದೆ. ಯೂನಿಕೋಡ್‌ನಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಸಂಕೇತಗಳು ಬೇಕು. ಒಂದೊಂದು ಸಂಕೇತ ಬಂದಾಗಲೂ ವಿಂಡೋಸ್‌ನಲ್ಲಿ ಅಕ್ಷರಗಳನ್ನು ಜೋಡಿಸುವ ಯುನಿಸ್ಕ್ರೈಬ್ ಇಡೀ ಗುಚ್ಛದ ಆಕಾರವನ್ನು ಮತ್ತೆ ಕಟ್ಟಬೇಕು. ಇಂಗ್ಲಿಷ್ ಅಕ್ಷರಕ್ಕೆ ಈ ಕೆಲಸವಿಲ್ಲ. ಎಕ್ಸ್‌ಪಿಯಲ್ಲಿ ನಾವಾಗಿ ಚಾಲೂ ಮಾಡಿಕೊಳ್ಳಬೇಕಿದ್ದ ಈ ಸೌಲಭ್ಯ ವಿಸ್ಟಾದಿಂದ ತಾನಾಗಿ ಬಂತು. ಕನ್ನಡ ಬೆರಳಚ್ಚಿಗೆ ಯಾವ ಆವೃತ್ತಿ ಎಷ್ಟು ತಡ ಹಚ್ಚಿತೆಂಬುದನ್ನು ಅಳೆಯಲು ದುಬಾರಿ ಪ್ರಯೋಗಾಲಯ ಬೇಕಿಲ್ಲ. ಸೆಕೆಂಡಿಗೆ 240 ಚೌಕಟ್ಟು ಹಿಡಿಯುವ ಫೋನ್ ಕ್ಯಾಮೆರಾದಲ್ಲಿ ಬೆರಳು ಮತ್ತು ತೆರೆ ಎರಡೂ ಕಾಣುವಂತೆ ಚಿತ್ರೀಕರಿಸಿದರೆ 4.2 ಮಿಲಿಸೆಕೆಂಡಿನ ನಿಖರತೆ ಸಿಗುತ್ತದೆ. ವಿಸ್ಟಾ, 7, 10 ಇರುವ ಹಳೆಯ ಗಣಕಗಳು ನಮ್ಮ ಕಾಲೇಜುಗಳ ಉಗ್ರಾಣಗಳಿಂದ ಗುಜರಿಗೆ ಹೋಗುವ ಮುನ್ನ ಕನ್ನಡ ಮತ್ತು ಗಣಕವಿಜ್ಞಾನ ವಿಭಾಗಗಳ ಸಂಶೋಧಕರು ಒಟ್ಟಾಗಿ ಈ ಅಳತೆಯನ್ನು ಕೈಗೊಳ್ಳಬೇಕೆಂದು ಕೋರುತ್ತೇನೆ.